ಮಾಡಿ, ಅಳೆದು, ತಿದ್ದಿದವರು

ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯಲ್ಲಿ ನಮ್ಮ ಮನೆಯ ಹಿತ್ತಿಲಾಚೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಒಂದಿತ್ತು. ಎತ್ತರವಾದ ಗೋಡೆಗಳು, ನೆಲದ ಮೇಲೆ ಸುತ್ತಿ ಹೋದ ತಗಡಿನ ಕೊಳವೆ, ಹೊರಗೆ ಸೌದೆಯ ಒಲೆ, ಒಳಗೆ ಕಡ್ಡಿಗಳಿಗೆ ಕಟ್ಟಿ ಸಾಲುಸಾಲಾಗಿ ತೂಗುಬಿಟ್ಟ ಹಸಿ ಎಲೆ. ಮೊದಲು ಮೆಲುಗಾವಿನಲ್ಲಿ ಎಲೆ ಹಳದಿಗೆ ತಿರುಗಬೇಕು. ಅನಂತರ ಕಾವನ್ನು ಹಂತಹಂತವಾಗಿ ಏರಿಸಿ ಎಲೆಯನ್ನೂ ಕಡೆಗೆ ಅದರ ನಡುದಿಂಡನ್ನೂ ಒಣಗಿಸಬೇಕು. ಐದಾರು ಹಗಲು, ಐದಾರು ರಾತ್ರಿ ಒಲೆಯ ಮುಂದೆ ಒಬ್ಬರಾದರೂ ಎಚ್ಚರವಾಗಿರಲೇಬೇಕು.

ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದ ಒಂದು ವರ್ಷ ನಮ್ಮ ಸೊಪ್ಪಿನಲ್ಲಿ ಹಸಿರು ಕಲೆ ಉಳಿಯತೊಡಗಿತು. ಹಸಿರು ಉಳಿದ ಸೊಪ್ಪಿಗೆ ಬೆಲೆಯಿಲ್ಲ. ತಂದೆಯವರು ಸೌದೆಯನ್ನು ಬದಲಿಸಿದರು, ಗಾಳಿಕಿಂಡಿಯನ್ನು ಅಗಲಿಸಿದರು, ಎಲೆಯನ್ನು ವಿರಳವಾಗಿ ಕಟ್ಟಿಸಿದರು. ಇವೆಲ್ಲವನ್ನೂ ಒಂದೇ ಸಲಕ್ಕೆ ಮಾಡಿದರು. ಮುಂದಿನ ಬ್ಯಾರನ್ ಕೊಂಚ ಮೇಲಾಯಿತು, ಅದರ ಮುಂದಿನದು ಮತ್ತೆ ಕೆಟ್ಟಿತು. ಏತರಿಂದ ಮೇಲಾಯಿತು, ಏತರಿಂದ ಕೆಟ್ಟಿತು ಎಂಬುದು ಯಾರಿಗೂ ತಿಳಿಯಲಿಲ್ಲ. ಆಗ ನಮ್ಮೂರಿನ ವೃದ್ಧ ಉಪಾಧ್ಯಾಯರೊಬ್ಬರು ಜಗಲಿಗೆ ಬಂದು ಕುಳಿತು, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂದೂ, ಗಂಟೆಗೊಮ್ಮೆ ಕಾವನ್ನು ನೋಡಿ ಬರೆದಿಡಬೇಕೆಂದೂ ತಂದೆಯವರಿಗೆ ಹೇಳಿದರು. ಇದು ವಿಶ್ವೇಶ್ವರಯ್ಯನವರು ಕೆಲಸಮಾಡುತ್ತಿದ್ದ ರೀತಿ ಎಂದು ಅವರು ಸೇರಿಸಿದ್ದು ನನ್ನ ಕಿವಿಗೂ ಬಿತ್ತು.

ಮೂರು ಬ್ಯಾರನ್ನುಗಳ ಲೆಕ್ಕ ಪುಸ್ತಕದಲ್ಲಿ ತುಂಬಿದ ಮೇಲೆ ದೋಷವು ಸೌದೆಯಲ್ಲಿಯೂ ಇಲ್ಲ, ಕಿಂಡಿಯಲ್ಲಿಯೂ ಇಲ್ಲ ಎಂಬುದು ಕಂಡುಬಂದಿತು. ಎರಡನೆಯ ರಾತ್ರಿಯ ಕಡೆಯ ಜಾವದಲ್ಲಿ ಕಾವು ಥಟ್ಟನೆ ಏರುತ್ತಿತ್ತು. ಹಳದಿಗೆ ತಿರುಗುವ ಮುನ್ನವೇ ಎಲೆ ಒಣಗಿ, ಹಸಿರು ಅದರಲ್ಲಿಯೇ ನಿಂತುಬಿಡುತ್ತಿತ್ತು. ಆ ಜಾವದ ಪಾಳಿ ನನ್ನದು. ನಿದ್ರೆ ತಡೆಯಲಾರದೆ, ಬೆಳಗಿನವರೆಗೆ ಸಾಲುವಷ್ಟು ಸೌದೆಯನ್ನು ಒಮ್ಮೆಲೇ ಒಲೆಗೆ ತುರುಕಿ ನಾನು ಮಲಗುತ್ತಿದ್ದೆ. ತಂದೆಯವರು ಪುಸ್ತಕವನ್ನು ನೋಡಿದರು, ನನ್ನನ್ನು ನೋಡಿದರು, ಮಾತಾಡಲಿಲ್ಲ. ಮರುದಿನದಿಂದ ರಾತ್ರಿಯ ಪಾಳಿಯನ್ನು ಎರಡಾಗಿ ಒಡೆದು, ಎರಡನೆಯ ಅರ್ಧಕ್ಕೆ ಚಿಕ್ಕಪ್ಪನನ್ನು ಕೂರಿಸಿದರು. ಆಮೇಲಿನ ಸೊಪ್ಪಿನಲ್ಲಿ ಹಸಿರು ಉಳಿಯಲಿಲ್ಲ.

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರು ನನ್ನ ಪಾಲಿಗೆ ಇಂದಿಗೂ ಆ ಒಲೆಯ ಬೆಳಕಿನೊಡನೆ ಬೆರೆತುಕೊಂಡಿದೆ. ಅವರನ್ನು ಕುರಿತು ನಾಡಿನಲ್ಲಿ ಕತೆಗಳಿಗೆ ಬರವಿಲ್ಲ. ರೈಲಿನಲ್ಲಿ ಕುಳಿತೇ ಹಳಿಯ ಬಿರುಕನ್ನು ಸದ್ದಿನಿಂದ ಗುರುತಿಸಿದ್ದು, ಸರ್ಕಾರದ ಮೇಣದಬತ್ತಿಯನ್ನು ಆರಿಸಿ ಸ್ವಂತದ ಬತ್ತಿಯನ್ನು ಹಚ್ಚಿದ್ದು ಮೊದಲಾದವು ನಮ್ಮ ಶಾಲೆಗಳಲ್ಲಿ ಪ್ರತಿ ವರ್ಷ ಸೆಪ್ಟೆಂಬರ್ 15ರಂದು ಹೇಳಲ್ಪಡುತ್ತವೆ. ನಾನೂ ಉಪಾಧ್ಯಾಯನಾಗಿದ್ದಾಗ ಹೇಳಿದ್ದೇನೆ. ಆದರೆ ಇಂಥ ಕತೆಗಳು ಮನುಷ್ಯನನ್ನು ಪವಾಡಪುರುಷನನ್ನಾಗಿ ಮಾಡಿ, ಅವನಿಂದ ನಾವು ಕಲಿಯಬಹುದಾದುದನ್ನು ಮರೆಮಾಡುತ್ತವೆ ಎಂಬ ಶಂಕೆ ನನಗೆ ವಯಸ್ಸಾದಂತೆ ಬಲವಾಗಿದೆ. ಅವರ ದೊಡ್ಡತನವಿರುವುದು ಒಂದು ಕೆಲಸವನ್ನು ಮಾಡಿ ಮುಗಿಸಿದ ಮೇಲೆ ಮತ್ತೆ ಅದರ ಬಳಿಗೆ ಹೋಗಿ, ಅಳೆದು, ತಾನು ಎಣಿಸಿದ್ದಕ್ಕೂ ಆದದ್ದಕ್ಕೂ ಹೋಲಿಸಿ, ತಿದ್ದಿ, ಮತ್ತೆ ಮಾಡುವ ಒಂದು ಹಟದಲ್ಲಿ. ಈ ಲೇಖನದಲ್ಲಿ ಅವರ ಜೀವಿತವನ್ನು ಆ ಒಂದು ಎಳೆಯನ್ನು ಹಿಡಿದು ನೋಡಬೇಕೆಂದಿದ್ದೇನೆ. ಆ ಎಳೆ ಎಲ್ಲಿ ಕಡಿಯಿತು ಎಂಬುದನ್ನೂ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಸಂಸ್ಕೃತ ವಿದ್ವಾಂಸರ ಮಗನಾಗಿ ಹುಟ್ಟಿದ ಬಾಲಕನು ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡುದು, ಬೆಂಗಳೂರಿನಲ್ಲಿ ಕೊಡಗಿನ ಮನೆತನವೊಂದರ ಮಕ್ಕಳಿಗೆ ಪಾಠ ಹೇಳಿ ಹೊಟ್ಟೆ ಹೊರೆದು ಓದಿದುದು, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಪದವೀಧರನಾದುದು ವಾಚಕರಿಗೆ ತಿಳಿದ ಸಂಗತಿಗಳು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಅವರು ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿದರು. 1883ರ ಪರೀಕ್ಷೆಯಲ್ಲಿ ಮೊದಲಿಗರಾಗಿ, 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ನಾಸಿಕ, ಖಾನದೇಶ, ಸಿಂಧದ ಸಕ್ಕರ್, ಸೂರತ್ ಹೀಗೆ ಊರಿಂದೂರಿಗೆ ನಡೆದ ಆ ಹದಿನೈದು ವರ್ಷಗಳ ವಿವರಗಳನ್ನು ಇಲ್ಲಿ ಬಿಡುತ್ತೇನೆ. ಸಕ್ಕರಿನಲ್ಲಿ ಮಾತ್ರ ಒಂದು ಕ್ಷಣ ನಿಲ್ಲಬೇಕು. ಸಿಂಧೂನದಿಯ ನೀರು ಕೆಸರು. ಅದನ್ನು ಸೋಸುವುದಕ್ಕೆ ದೊಡ್ಡ ತೊಟ್ಟಿಗಳನ್ನು ಕಟ್ಟಲು ಪುರಸಭೆಯಲ್ಲಿ ಹಣವಿಲ್ಲ. ನದಿಯ ಪಾತ್ರದಲ್ಲಿಯೇ ಬಾವಿ ತೋಡಿದರೆ ಮರಳೇ ನೀರನ್ನು ಸೋಸಿಕೊಡುತ್ತದೆ ಎಂಬುದನ್ನು ಅವರು ಅಲ್ಲಿ ಮಾಡಿ ತೋರಿಸಿದರು. ಇದ್ದುದರಿಂದಲೇ ಕೆಲಸ ತೆಗೆಯುವ ಈ ಬುದ್ಧಿ ಮುಂದೆ ಅವರನ್ನು ಎಲ್ಲಿಯೂ ಬಿಡಲಿಲ್ಲ.

1898ರಲ್ಲಿ ಅವರು ರಜೆ ಪಡೆದು ಜಪಾನಿಗೆ ಹೋದರು. ಒಂದು ತಲೆಮಾರಿನೊಳಗೆ ಹಳೆಯ ಬಾಳನ್ನು ಬಿಟ್ಟು ಹೊಸ ಕೈಗಾರಿಕೆಗಳನ್ನು ಕಟ್ಟುತ್ತಿದ್ದ ದೇಶ ಅದು. ಅಲ್ಲಿಯ ಶಾಲೆಗಳನ್ನೂ ಕಾರ್ಖಾನೆಗಳನ್ನೂ ನೋಡಿಬಂದ ಪರಿಣಾಮ ಅವರ ಮನಸ್ಸಿನಲ್ಲಿ ಬಹುಕಾಲ ಉಳಿಯಿತು. ಆ ದೇಶದ ಮಾತು ಮುಂದೆ ಇನ್ನೊಮ್ಮೆ ಬರಲಿದೆ.

ಮರುವರ್ಷ ಪುಣೆಯ ನೀರಾವರಿ ವಿಭಾಗವು ಅವರ ಕೈಗೆ ಬಂದಿತು. ನನ್ನ ಮಟ್ಟಿಗೆ ಅವರ ಜೀವಿತದ ನಿಜವಾದ ಪಾಠಶಾಲೆ ಇದೇ. ಪುಣೆಯ ಬಳಿ ಖಡಕವಾಸಲೆಯ ಜಲಾಶಯಕ್ಕೆ ಫೈಫ್ ಸರೋವರವೆಂಬ ಹೆಸರಿತ್ತು. ಮಳೆಗಾಲದಲ್ಲಿ ಅದು ತುಂಬಿ ಕೋಡಿ ಹರಿದು, ಬೇಸಗೆಗೆ ಬೇಕಾದ ನೀರು ವ್ಯರ್ಥವಾಗಿ ಹೋಗುತ್ತಿತ್ತು. ಕೋಡಿಯ ಮೇಲೆ ತಾತ್ಕಾಲಿಕವಾಗಿ ಅಡ್ಡ ಕಟ್ಟಿ ಇನ್ನಷ್ಟು ನೀರನ್ನು ಹಿಡಿಯುವುದು ಅಲ್ಲಿಯ ರೂಢಿ. ಹುಚ್ಚು ಪ್ರವಾಹ ಬಂದಾಗ ಆ ಅಡ್ಡವೂ ಕೊಚ್ಚಿಹೋಗುತ್ತಿತ್ತು. ಪ್ರತಿ ವರ್ಷ ಕಟ್ಟುವುದು, ಪ್ರತಿ ವರ್ಷ ಕಳೆದುಕೊಳ್ಳುವುದು. ಕಚೇರಿಯ ಲೆಕ್ಕದಲ್ಲಿ ಅದೊಂದು ಮಾಮೂಲು ಖರ್ಚು. ಇಂಥ ಮಾಮೂಲು ಖರ್ಚುಗಳನ್ನು ಕಂಡರೆ ನಮ್ಮಲ್ಲಿ ಬಹುಮಂದಿಗೆ ಏನೂ ಅನ್ನಿಸುವುದಿಲ್ಲ. ವಿಶ್ವೇಶ್ವರಯ್ಯನವರಿಗೆ ಅನ್ನಿಸಿತು. ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ತಾನಾಗಿ ತೆರೆದು, ಮಟ್ಟ ಇಳಿದೊಡನೆ ತಾನಾಗಿ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಅವರು ಯೋಚಿಸಿದರು. 1903ರಲ್ಲಿ ಅವು ಅಲ್ಲಿ ನಿಂತವು. ಕಟ್ಟೆಯನ್ನು ಎತ್ತರಿಸದೆಯೇ ಸುಮಾರು 8 ಅಡಿಯಷ್ಟು ಹೆಚ್ಚು ನೀರು ನಿಂತಿತು. ಆ ರಚನೆಗೆ ಅವರ ಹೆಸರಿನಲ್ಲಿ ಪೇಟೆಂಟ್ ದೊರೆತರೂ, ಸರ್ಕಾರದ ನೌಕರನಾಗಿದ್ದು ಮಾಡಿದ ಕೆಲಸವೆಂದು ಅವರು ಅದರ ಗೌರವಧನವನ್ನು ಬೇಡವೆಂದರು. ಗ್ವಾಲಿಯರಿನ ತಿಗ್ರಾ ಕಟ್ಟೆಗೂ ನಮ್ಮ ಕನ್ನಂಬಾಡಿಗೂ ಮುಂದೆ ಇದೇ ಬಗೆಯ ಬಾಗಿಲುಗಳು ಬಂದವು.

ಆ ಬಾಗಿಲನ್ನು ಕುರಿತು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅದು ಕಬ್ಬಿಣದಲ್ಲಿ ಎರಕಹೊಯ್ದ ಅವರ ಸ್ವಭಾವವೇ ಸರಿ. ನೀರಿನ ಮಟ್ಟವೇ ಅದಕ್ಕೆ ವರದಿ. ಆ ವರದಿಯಂತೆ ಅದು ತನ್ನ ನಡತೆಯನ್ನು ಬದಲಿಸಿಕೊಳ್ಳುತ್ತದೆ. ಕಾವಲುಗಾರನ ನಿದ್ರೆಗೆ ಅಲ್ಲಿ ಅವಕಾಶವಿಲ್ಲ, ಮೇಲಧಿಕಾರಿಯ ಹುಕುಮಿಗಾಗಿ ಕಾಯಬೇಕಾದ್ದಿಲ್ಲ.

ಆದರೆ ನೀರಿಗೆ ಬಾಗಿಲು ಹಾಕಿದಷ್ಟು ಸುಲಭವಾಗಿ ನೀರು ಬಳಸುವವರ ನಡುವೆ ವ್ಯವಸ್ಥೆ ಹಾಕಲಾಗದು. ಪುಣೆಯ ಸುತ್ತಣ ಕಾಲುವೆಗಳ ಕೆಳಗೆ ಕಬ್ಬು ಬೆಳೆಯುವವರು ತಮಗೆ ಬೇಕಾದಾಗ ಬೇಕಾದಷ್ಟು ನೀರನ್ನು ತೆಗೆದುಕೊಳ್ಳುತ್ತಿದ್ದರು. ಕಾಲುವೆಯ ತಲೆಯಲ್ಲಿದ್ದ ಕೆಲವೇ ಹಳ್ಳಿಗಳ ತಗ್ಗು ನೆಲದಲ್ಲಿ ನೀರು ನಿಂತು ಭೂಮಿ ಜವುಗಾಗುತ್ತಿತ್ತು, ಮಲೇರಿಯಾ ಹಬ್ಬುತ್ತಿತ್ತು. ಬಾಲದ ಕಡೆಯ ಹಳ್ಳಿಗಳಿಗೆ ನೀರು ತಲುಪುತ್ತಿರಲಿಲ್ಲ. ವಿಶ್ವೇಶ್ವರಯ್ಯನವರು ಮೊದಲು ಸರದಿಯ ಪದ್ಧತಿಯನ್ನು ತಂದರು: ಇಂತಿಷ್ಟು ದಿನಕ್ಕೊಮ್ಮೆ ಇಂಥ ಹೊಲಕ್ಕೆ ನೀರು. ರೈತರಲ್ಲಿ ದೊಡ್ಡ ಗದ್ದಲವೆದ್ದಿತು. ಪುಣೆಯ ಪತ್ರಿಕೆಗಳಲ್ಲಿ ಟೀಕೆ ಬಂದಿತು. ಜಮೀನುದಾರರು ಸಾಮಾನ್ಯರಲ್ಲ, ಓದಿದವರು, ಪ್ರಭಾವಶಾಲಿಗಳು. ಬೇರೊಬ್ಬ ಅಧಿಕಾರಿಯಾಗಿದ್ದರೆ ಆಜ್ಞೆಯನ್ನು ಹಿಂತೆಗೆದುಕೊಳ್ಳುತ್ತಿದ್ದನು, ಇಲ್ಲವೆ ಪೊಲೀಸರನ್ನು ಕರೆಸುತ್ತಿದ್ದನು. ಇವರು ರೈತರನ್ನು ಕೂಡಿಸಿ ಮಾತಾಡಿದರು. ನೀರಿನ ಲೆಕ್ಕವನ್ನು ಅವರ ಮುಂದಿಟ್ಟರು. ಅವರ ತೊಂದರೆಯನ್ನು ಕೇಳಿದರು.

ಆ ಮಾತುಕತೆ ಮತ್ತು ಅಳತೆಗಳ ಬೆನ್ನಲ್ಲಿ ರೂಪುಗೊಂಡುದೇ ಬ್ಲಾಕ್ ಪದ್ಧತಿ. ಒಂದೇ ಕಡೆ ಕಬ್ಬನ್ನು ಕಿಕ್ಕಿರಿಸುವ ಬದಲು, ಕಾಲುವೆಯ ಉದ್ದಕ್ಕೂ ಹಳ್ಳಿಹಳ್ಳಿಯಲ್ಲಿ ನೀರಾವರಿಗೆ ತಕ್ಕ ಮಣ್ಣನ್ನು ಆರಿಸಿ ಸಣ್ಣ ಸಣ್ಣ ಬ್ಲಾಕುಗಳನ್ನು ಗೊತ್ತುಮಾಡುವುದು. ಒಂದೊಂದು ಬ್ಲಾಕಿನಲ್ಲಿಯೂ ಮೂರು ವರ್ಷಗಳ ಸರದಿಯಲ್ಲಿ ಕಬ್ಬು, ಭತ್ತ, ಕಡಿಮೆ ನೀರಿನ ಬೆಳೆ ಎಂದು ಹಂಚುವುದು. ಅಷ್ಟಕ್ಕೆ ಬೇಕಾದ ನೀರು ಖಚಿತವಾಗಿ ದೊರೆಯುವುದೆಂದು ರೈತನಿಗೆ ಮುಂಚಿತವಾಗಿಯೇ ಮಾತು ಕೊಡುವುದು. ಇದರಿಂದ ಅಷ್ಟೇ ನೀರು ಹೆಚ್ಚು ಹಳ್ಳಿಗಳಿಗೆ ಹರಿಯಿತು, ನೆಲವು ಕೆಡುವುದು ತಪ್ಪಿತು, ರೈತನಿಗೂ ಭರವಸೆ ದೊರೆಯಿತು. ಆಗ ಭಾರತದ ನೀರಾವರಿಯನ್ನು ಪರಿಶೀಲಿಸುತ್ತಿದ್ದ 1901ರ ಆಯೋಗದ ಮುಂದೆ ಅವರು ಈ ವಿಚಾರವನ್ನು ಮಂಡಿಸಿದರು. ಆಯೋಗವು ಅದನ್ನು ಮೆಚ್ಚಿತು. ಇಲ್ಲಿ ನಾನು ಗಮನಿಸುವುದು ಪದ್ಧತಿಯ ಜಾಣತನಕ್ಕಿಂತ ಹೆಚ್ಚಾಗಿ ಅದು ಹುಟ್ಟಿದ ಬಗೆಯನ್ನು. ಮೊದಲ ಸುತ್ತಿನಲ್ಲಿ ಸರದಿ. ಅದರಿಂದ ಎದ್ದ ವಿರೋಧವನ್ನು ಅವರು ಅಡ್ಡಿಯೆಂದು ತಿಳಿಯದೆ ಒಂದು ಅಳತೆಯೆಂದು ತಿಳಿದರು. ಎರಡನೆಯ ಸುತ್ತಿನಲ್ಲಿ ಬ್ಲಾಕ್.

ಇದೇ ಬಗೆಯ ಕೆಲಸಕ್ಕೆ ಪಶ್ಚಿಮದಲ್ಲಿ ಶಾಸ್ತ್ರದ ರೂಪ ಬಂದುದು ಎಷ್ಟೋ ವರ್ಷಗಳ ಮೇಲೆ. ಅಮೆರಿಕೆಯಲ್ಲಿ ಟೆಲಿಫೋನ್ ಉಪಕರಣಗಳ ತಯಾರಿಕೆಗೆ ಸಂಬಂಧಿಸಿ ದುಡಿಯುತ್ತಿದ್ದ ವಾಲ್ಟರ್ ಶೂಹಾರ್ಟ್ ಎಂಬ ವಿಜ್ಞಾನಿ 1924ರಲ್ಲಿ ಒಂದು ಪುಟ್ಟ ನಕ್ಷೆಯನ್ನು ಬರೆದು, ಕಾರ್ಖಾನೆಯ ಕೆಲಸದಲ್ಲಿ ಯಾವ ಏರುಪೇರು ಸಹಜವಾದುದು, ಯಾವುದಕ್ಕೆ ಪ್ರತ್ಯೇಕ ಕಾರಣ ಹುಡುಕಬೇಕು ಎಂದು ತೋರಿಸಿದನು. 1939ರ ತನ್ನ ಗ್ರಂಥದಲ್ಲಿ ಅವನು ಗೊತ್ತುಪಡಿಸುವುದು, ತಯಾರಿಸುವುದು, ಪರೀಕ್ಷಿಸುವುದು ಎಂಬ ಮೂರನ್ನು ನೇರ ಗೆರೆಯಾಗಿ ಎಣಿಸದೆ ಒಂದು ವೃತ್ತವಾಗಿ ಎಣಿಸಬೇಕೆಂದನು. ಅವನ ದಾರಿಯಲ್ಲಿ ನಡೆದ ಎಡ್ವರ್ಡ್ಸ್ ಡೆಮಿಂಗ್ 1950ರಲ್ಲಿ ಯುದ್ಧದಿಂದ ಜರ್ಝರಿತವಾಗಿದ್ದ ಜಪಾನಿನ ಕೈಗಾರಿಕೋದ್ಯಮಿಗಳಿಗೂ ಇಂಜಿನಿಯರುಗಳಿಗೂ ಉಪನ್ಯಾಸ ಕೊಟ್ಟನು. ಜಪಾನೀಯರು ಅದನ್ನು ಯೋಜಿಸು, ಮಾಡು, ಪರೀಕ್ಷಿಸು, ತಿದ್ದು ಎಂಬ ನಾಲ್ಕು ಹೆಜ್ಜೆಗಳ ಚಕ್ರವಾಗಿ ಮಾಡಿಕೊಂಡು ಪ್ರತಿ ಕಾರ್ಖಾನೆಯ ಗೋಡೆಗೂ ತಂದರು. ಶೂಹಾರ್ಟನೂ ಮಹಲನೋಬಿಸರ ಆಹ್ವಾನದ ಮೇಲೆ 1947–48ರಲ್ಲಿ ನಮ್ಮ ದೇಶಕ್ಕೆ ಬಂದಿದ್ದನು. 1898ರಲ್ಲಿ ಜಪಾನಿನಿಂದ ಕಲಿಯಲು ಹೋದ ನಮ್ಮವರೊಬ್ಬರು ಪುಣೆಯ ಕಾಲುವೆಯ ಮೇಲೆ ಮಾಡಿ ನೋಡಿದ್ದನ್ನು ಜಪಾನ್ ಅರ್ಧ ಶತಮಾನದ ಮೇಲೆ ಅಮೆರಿಕೆಯವನಿಂದ ಕಲಿತಿತು. ಚಕ್ರವನ್ನು ನಮ್ಮವರೇ ಕಂಡುಹಿಡಿದರೆಂದು ನಾನು ಹೇಳುತ್ತಿಲ್ಲ. ಅಂಥ ಹೆಮ್ಮೆ ಹುಸಿ. ಒಳ್ಳೆಯ ಕಮ್ಮಾರನಿಗೂ ಒಳ್ಳೆಯ ರೈತನಿಗೂ ಅದು ಯಾವಾಗಲೂ ತಿಳಿದೇ ಇತ್ತು. ಒಂದು ಸರ್ಕಾರದ ಕಚೇರಿಗೆ ಅದನ್ನು ತಿಳಿಸಲು ಹೊರಟವರು ಮಾತ್ರ ವಿರಳ.

ಮುಂಬಯಿ ಸರ್ಕಾರದ ನೌಕರಿಯನ್ನು ಅವರು 1908ರಲ್ಲಿ ತಾವಾಗಿ ಬಿಟ್ಟರು. ಅದೇ ವರ್ಷ ಮೂಸಿ ನದಿಯ ಮಹಾಪೂರ ಹೈದರಾಬಾದನ್ನು ಕೊಚ್ಚಿತ್ತು; ನಿಜಾಮರ ಸರ್ಕಾರದ ಕೋರಿಕೆಯ ಮೇಲೆ ಅಲ್ಲಿಗೆ ಹೋಗಿ, ಊರಿನ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ತಡೆಯುವ ಯೋಜನೆಯನ್ನು ಕೊಟ್ಟುಬಂದರು. 1909ರ ನವೆಂಬರಿನಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾದರು. 1912ರ ನವೆಂಬರಿನಲ್ಲಿ ದಿವಾನರಾದರು.

ನಮ್ಮ ತಾಲ್ಲೂಕಿನ ಎಲ್ಲೆಯನ್ನು ಸವರಿಕೊಂಡು ಹರಿಯುವ ಕಾವೇರಿ ಮುಂದೆ ಕೃಷ್ಣರಾಜಸಾಗರದಲ್ಲಿ ನಿಲ್ಲುತ್ತದೆ. 1911ರಲ್ಲಿ ಆ ಕಟ್ಟೆಯ ಕೆಲಸ ಮೊದಲಾದಾಗ ಮದರಾಸು ಸರ್ಕಾರದ ಆಕ್ಷೇಪಣೆಯಿಂದ ಮೊದಲ ಹಂತದಲ್ಲಿ 80 ಅಡಿಗೆ ಮಾತ್ರ ಒಪ್ಪಿಗೆ ದೊರೆಯಿತು; ಅವರು ಎಣಿಸಿದ್ದುದು 124 ಅಡಿ. ಅಡಿಪಾಯವನ್ನು ಮಾತ್ರ ಅವರು ಪೂರ್ಣ ಎತ್ತರಕ್ಕೆ ತಕ್ಕಷ್ಟು ಅಗಲವಾಗಿಯೇ ಹಾಕಿಸಿದರು. ಮುಂದಿನ ತಿದ್ದುಪಡಿಗೆ ಇಂದೇ ಎಡೆ ಬಿಡುವುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತವನ್ನು ನಾನು ಕಾಣೆ. ಮದರಾಸಿನೊಡನೆ ಒಪ್ಪಂದವಾದುದು 1924ರಲ್ಲಿ. ಕಟ್ಟೆ ತನ್ನ ಪೂರ್ಣ ಎತ್ತರಕ್ಕೆ ಏರುವ ವೇಳೆಗೆ ಅವರು ದಿವಾನಗಿರಿಯನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು.

ಕಟ್ಟೆಯ ವಿಷಯ ಎಲ್ಲರೂ ಬಲ್ಲರು. ಕಚೇರಿಗಳಲ್ಲಿ ಅವರು ಮಾಡಿದ ಕೆಲಸ ಕಣ್ಣಿಗೆ ಬೀಳುವಂಥದಲ್ಲವಾದುದರಿಂದ ಅದನ್ನು ಬಹುಮಂದಿ ಮರೆತಿದ್ದಾರೆ. 1911ರಲ್ಲಿ ಅವರ ಪ್ರೇರಣೆಯಿಂದ ಮೈಸೂರು ಆರ್ಥಿಕ ಸಮ್ಮೇಳನವು ಆರಂಭವಾಯಿತು. ವ್ಯವಸಾಯ, ವಿದ್ಯಾಭ್ಯಾಸ, ಕೈಗಾರಿಕೆ ಮತ್ತು ವಾಣಿಜ್ಯ ಎಂದು ಅದಕ್ಕೆ ಸಮಿತಿಗಳಿದ್ದವು. ಅವುಗಳ ಕೆಲಸ ಜಿಲ್ಲೆ ತಾಲ್ಲೂಕುಗಳವರೆಗೆ ಇಳಿದಿತ್ತು. ಭಾಷಣ ಮಾಡಿ ಚದುರುವ ಸಭೆ ಅದಾಗಬಾರದೆಂಬುದು ಅವರ ಹಟ. ಹಿಂದಿನ ಸಭೆಯಲ್ಲಿ ಗೊತ್ತುಮಾಡಿದ್ದರಲ್ಲಿ ಎಷ್ಟು ನಡೆಯಿತು, ನಡೆಯದಿದ್ದುದು ಏಕೆ ನಡೆಯಲಿಲ್ಲ ಎಂದು ಮುಂದಿನ ಸಭೆಗೆ ವರದಿ ಬರಬೇಕು. ಸಾಹಿತ್ಯಪ್ರಿಯರು ನೆನೆಯಬೇಕಾದುದೊಂದಿದೆ: 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಈ ಆರ್ಥಿಕ ಸಮ್ಮೇಳನದ ಆಲೋಚನೆಯಿಂದಲೇ ಮೊಳೆತುದು. ಜನರ ಭಾಷೆಯಲ್ಲಿ ವಿದ್ಯೆಯಿಲ್ಲದೆ ಜನರ ಉತ್ಪತ್ತಿ ಹೆಚ್ಚದೆಂದು ಕಂಡುಕೊಂಡ ಲೆಕ್ಕಿಗರು ಅವರು.

ಇದಲ್ಲದೆ ದಿವಾನರಾಗಿದ್ದಾಗ ಕಚೇರಿಗಳಿಗೆ ದಕ್ಷತೆಯ ತನಿಖೆಯನ್ನು ತಂದರು. ಹಣದ ತನಿಖೆ ಯಾವಾಗಲೂ ಇತ್ತು; ಒಂದು ರೂಪಾಯಿ ತಪ್ಪಾಗಿ ಖರ್ಚಾದರೆ ಹಿಡಿಯುವವರಿದ್ದರು. ಆದರೆ ಒಂದು ಅರ್ಜಿ ಮೇಜಿನಿಂದ ಮೇಜಿಗೆ ಆರು ತಿಂಗಳು ಅಲೆದರೆ ಕೇಳುವವರಿರಲಿಲ್ಲ. ಕೆಲಸ ನಡೆಯುವ ರೀತಿಯನ್ನೇ ಪರೀಕ್ಷಿಸುವುದು ಈ ತನಿಖೆಯ ಗುರಿ. ಪ್ರತಿಯೊಂದು ಇಲಾಖೆಯೂ ತನ್ನ ಕೆಲಸದ ಕ್ರಮವನ್ನು ಕೈಪಿಡಿಯಾಗಿ ಬರೆದಿಟ್ಟುಕೊಳ್ಳಬೇಕು. ಹೊಸದಾಗಿ ಬಂದ ಗುಮಾಸ್ತನು ಹಳಬನ ಬಾಯನ್ನು ನೋಡುವಂತಾಗಬಾರದು. ಕ್ರಮವು ಹಳತಾದರೆ ಕೈಪಿಡಿಯನ್ನು ತಿದ್ದಬೇಕು. ಮೂವತ್ತು ವರ್ಷ ಶಾಲೆಯ ಕಚೇರಿಯ ಕಾಗದಪತ್ರಗಳೊಡನೆ ಹೆಣಗಿದ ನನಗೆ ಇದರ ಬೆಲೆ ಗೊತ್ತು. ಕ್ರಮವನ್ನು ಬರೆದಿಡದ ಕಡೆ ತಿದ್ದುವುದಕ್ಕೆ ಏನೂ ಇರುವುದಿಲ್ಲ. ದೂರುವುದಕ್ಕೆ ಮನುಷ್ಯರಿರುತ್ತಾರೆ, ಅಷ್ಟೆ. ನಮ್ಮ ತಂದೆಯವರು ಪುಸ್ತಕವಿಡುವ ಮುನ್ನ ಬ್ಯಾರನ್ನಿನ ಮುಂದೆ ನಡೆಯುತ್ತಿದ್ದುದೂ ಅದೇ.

ಇನ್ನು ಎಳೆ ಕಡಿದ ಕಡೆಗೆ ಬರುತ್ತೇನೆ. ಇದನ್ನು ಬಿಟ್ಟು ವಿಶ್ವೇಶ್ವರಯ್ಯನವರ ಚರಿತ್ರೆಯನ್ನು ಬರೆಯುವುದು ನಮ್ಮಲ್ಲಿ ರೂಢಿಯಾಗಿದೆ. ನನ್ನಂಥ ಒಕ್ಕಲು ಮನೆಯವನಿಗೆ ಬಿಡಲು ಮನಸ್ಸಾಗದು. ಅಂದಿನ ಮೈಸೂರಿನ ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರೇ ಬಹುಪಾಲು. 1917ರಲ್ಲಿ ಸ್ಥಾಪಿತವಾದ ಪ್ರಜಾಮಿತ್ರ ಮಂಡಳಿಯು ಉಳಿದ ಸಮುದಾಯಗಳಿಗೆ ಹುದ್ದೆಗಳಲ್ಲಿ ತಕ್ಕ ಪಾಲು ಬೇಕೆಂದು ಮಹಾರಾಜರಲ್ಲಿ ಬೇಡಿಕೆಯಿಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ದಿವಾನರಿಗೆ ಇದು ಸಮ್ಮತವಾಗಲಿಲ್ಲ. ಯೋಗ್ಯತೆಯೊಂದೇ ಹುದ್ದೆಗೆ ಅಳತೆಯಾಗಿರಬೇಕು, ಅದನ್ನು ಸಡಿಲಿಸಿದರೆ ಆಡಳಿತದ ದಕ್ಷತೆ ಕುಗ್ಗುವುದು, ವಿದ್ಯಾಭ್ಯಾಸವನ್ನು ವಿಸ್ತರಿಸಿದರೆ ಕಾಲಕ್ರಮದಲ್ಲಿ ಅಂತರ ತಾನಾಗಿ ಕಡಿಮೆಯಾಗುವುದು ಎಂಬುದು ಅವರ ನಂಬಿಕೆ. ಆ ವರ್ಷದ ಡಿಸೆಂಬರಿನಲ್ಲಿ ಅವರು ದಿವಾನಗಿರಿಯನ್ನು ಬಿಟ್ಟರು. ಸಮಿತಿಯ ವರದಿ 1919ರಲ್ಲಿ ಬಂದಿತು. 1921ರಲ್ಲಿ ಅದಕ್ಕನುಗುಣವಾಗಿ ಸರ್ಕಾರದ ಆಜ್ಞೆ ಹೊರಟಿತು.

ಅವರಲ್ಲಿ ಜಾತಿಯ ಸಣ್ಣತನವಿತ್ತೆಂದು ನಾನು ನಂಬಿಲ್ಲ. ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು 1913ರಲ್ಲಿ ಅವರ ಕಾಲದಲ್ಲಿಯೇ ಆಯಿತು. ಆದರೂ ಪುಣೆಯ ಕಬ್ಬಿನ ರೈತರ ಗದ್ದಲವನ್ನು ಅಳತೆಯೆಂದು ಓದಿದವರು, ಮೈಸೂರಿನ ಈ ಬೇಡಿಕೆಯನ್ನು ಹಾಗೆ ಓದಲಿಲ್ಲವೇಕೆ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕಾಲುವೆಯ ತಲೆಯ ಹಳ್ಳಿಗಳೇ ನೀರನ್ನೆಲ್ಲ ಕುಡಿಯುತ್ತವೆ, ಬಾಲದ ಹಳ್ಳಿಗಳಿಗೆ ತಲುಪುವುದಿಲ್ಲ ಎಂಬುದನ್ನು ಕಂಡು, ನೀರು ತಾನಾಗಿ ಹರಿಯಲೆಂದು ಕಾಯದೆ ಬ್ಲಾಕುಗಳನ್ನು ಗೊತ್ತುಮಾಡಿದವರು ಅವರೇ. ಅಳೆಯುವವನು ತನ್ನ ಅಳತೆಗೋಲನ್ನೂ ಒಮ್ಮೆ ಅಳೆಯಬೇಕಾಗುತ್ತದೆ. ಇಲ್ಲಿ ಎರಡನೆಯ ಸುತ್ತು ನಡೆಯಲಿಲ್ಲ. ಅದನ್ನು ಬೇರೆಯವರು ನಡೆಸಿದರು. ಹಾರನಹಳ್ಳಿಯಂಥ ಊರುಗಳಿಂದ ನಮ್ಮವರು ಕಚೇರಿಯ ಮೆಟ್ಟಿಲು ಹತ್ತಿದುದರಲ್ಲಿ ಅವರು ಹಾಕಿದ ಶಾಲೆಯ ಪಾಲೂ ಇದೆ, ಅವರು ಒಪ್ಪದ ಆಜ್ಞೆಯ ಪಾಲೂ ಇದೆ.

ದಿವಾನಗಿರಿಯನ್ನು ಬಿಟ್ಟವರು ಸುಮ್ಮನೆ ಕೂರಲಿಲ್ಲ. ದೇಶಾಂತರ ತಿರುಗಿದರು, 1920ರಲ್ಲಿ ಭಾರತದ ಪುನರ್ರಚನೆಯನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಅಷ್ಟರಲ್ಲಿ ಅವರ ಕಾಲದಲ್ಲಿ ಆರಂಭವಾಗಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಸಂಕಟಕ್ಕೆ ಸಿಕ್ಕಿತ್ತು. 1923ರ ಜನವರಿಯಲ್ಲಿ ಕುಲುಮೆ ಉರಿಯತೊಡಗಿದಾಗ ಯುದ್ಧಕಾಲದ ಬೆಲೆಗಳು ಮುಗಿದು ಕಬ್ಬಿಣದ ಬೆಲೆ ಕುಸಿದಿತ್ತು. ಖರ್ಚು ಏರಿತ್ತು. ಹಣ ಸುರಿದು ಸಾಕಿದ ಬಿಳಿಯಾನೆಯೆಂದು ಜನ ಆಡಿಕೊಂಡರು. ಮಹಾರಾಜರು ಅವರನ್ನೇ ಮತ್ತೆ ಕರೆದರು. ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಅವರು ಬಂದರು, 1929ರವರೆಗೆ ಇದ್ದರು.

ಭದ್ರಾವತಿಯ ಕಾರ್ಖಾನೆ ಕಲ್ಲಿದ್ದಲಿನದಲ್ಲ, ಕಾಡಿನ ಇದ್ದಿಲಿನದು. ಕೆಮ್ಮಣ್ಣುಗುಂಡಿಯಿಂದ ಅದಿರು, ಮಲೆನಾಡಿನ ಕಾಡಿನಿಂದ ಮರ. ಮರವನ್ನು ಬಟ್ಟಿಯಲ್ಲಿ ಕಾಯಿಸಿ ಇದ್ದಿಲು ಮಾಡುವಾಗ ಹೊರಡುವ ಹಬೆಯಿಂದ ಮದ್ಯಸಾರ, ಸುಣ್ಣದ ಅಸಿಟೇಟ್, ಟಾರು ಮೊದಲಾದವನ್ನು ಹಿಡಿಯಬಹುದು. ಇಂಥ ಕಡೆ ನಷ್ಟ ಎಲ್ಲಿ ಆಗುತ್ತಿದೆಯೆಂದು ಹೇಳುವುದು ಸುಲಭವಲ್ಲ. ಕಾಡಿನಲ್ಲಿ ಮರ ಕಡಿಯುವ ಕಡೆಯೇ, ಟ್ರಾಮಿನಲ್ಲಿ ಸಾಗಿಸುವ ಕಡೆಯೇ, ಬಟ್ಟಿಯಲ್ಲಿಯೇ, ಕುಲುಮೆಯಲ್ಲಿಯೇ, ಇಲ್ಲ ಕಡೆಗೆ ಮಾರುವ ಕಡೆಯೇ? ವಿಶ್ವೇಶ್ವರಯ್ಯನವರು ಎಲ್ಲವನ್ನೂ ಒಮ್ಮೆಲೇ ಬುಡಮೇಲು ಮಾಡಲಿಲ್ಲ. ಒಂದೊಂದು ವಿಭಾಗದ ಖರ್ಚನ್ನೂ ಬೇರೆಬೇರೆಯಾಗಿ ತೆಗೆದು, ಉತ್ಪತ್ತಿಯೊಡನೆ ಹೋಲಿಸಿ, ಹೆಚ್ಚಾದ ಕಡೆ ಕೈಯಿಟ್ಟರು. ದುಬಾರಿ ಸಂಬಳದ ವಿದೇಶೀ ತಜ್ಞರ ಜಾಗಕ್ಕೆ ನಮ್ಮ ಯುವಕರನ್ನು ಪಳಗಿಸಿ ತಂದರು. ಬರಿಯ ಕಚ್ಚಾ ಕಬ್ಬಿಣವನ್ನು ಅಗ್ಗಕ್ಕೆ ಮಾರುವುದಕ್ಕಿಂತ ಅದನ್ನೇ ಎರಕದ ಕೊಳವೆಗಳನ್ನಾಗಿ ಮಾಡಿ ಮಾರುವುದು ಮೇಲೆಂದು ಕಂಡು, ಕೊಳವೆಯ ಎರಕದ ವಿಭಾಗವನ್ನು ಸೇರಿಸಿದರು. ಕಾರ್ಖಾನೆ ಮುಚ್ಚಲಿಲ್ಲ. ಮುಂದೆ ಅದು ಉಕ್ಕಿನ ಕಾರ್ಖಾನೆಯಾಗಿ ಬೆಳೆಯಿತು. ಅವರು ತೀರಿಕೊಂಡ ಮೇಲೆ ಅವರ ಹೆಸರನ್ನೇ ಹೊತ್ತಿತು.

ಅವರೊಡನೆ ಕೆಲಸ ಮಾಡುವುದು ಸುಖದ ಮಾತಾಗಿರಲಿಲ್ಲವೆಂಬುದನ್ನೂ ಬರೆಯಬೇಕು. ಗಡಿಯಾರಕ್ಕೆ ತಪ್ಪದ, ಸಡಿಲ ಮಾತನ್ನು ಸಹಿಸದ ಮನುಷ್ಯ. ಲೆಕ್ಕವಿಲ್ಲದೆ ಅಭಿಪ್ರಾಯ ಹೇಳುವವನಿಗೆ ಅವರ ಮುಂದೆ ಎಡೆಯಿರಲಿಲ್ಲ. ಅಂಥವರ ಕೆಳಗೆ ಕಲಿತವರು ಬಹುಮಂದಿ, ನೊಂದವರೂ ಇದ್ದಿರಬೇಕು. ಒಲೆಯ ಮುಂದೆ ತಪ್ಪು ಮಾಡಿದ ಹುಡುಗನನ್ನು ಅವರು ನಮ್ಮ ತಂದೆಯಂತೆ ಸುಮ್ಮನೆ ನೋಡಿ ಬಿಡುತ್ತಿದ್ದರೇ ಎಂದು ಕೆಲವೊಮ್ಮೆ ಯೋಚಿಸುತ್ತೇನೆ. ಬಿಡುತ್ತಿರಲಿಲ್ಲವೆಂದೇ ತೋರುತ್ತದೆ. ಆದರೆ ಪಾಳಿಯನ್ನು ಒಡೆಯುವ ಉಪಾಯವನ್ನು ಅವರೂ ಮಾಡುತ್ತಿದ್ದರು.

ಮುಂದಿನ ಬಾಳು ದೀರ್ಘವಾದುದು. 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಅಂಕಿಅಂಶಗಳೊಡನೆ ಗ್ರಂಥ ಬರೆದರು. ಯೋಜನಾ ಆಯೋಗ ಹುಟ್ಟಿದುದು ಅದಕ್ಕೆ ಹದಿನಾರು ವರ್ಷಗಳ ಮೇಲೆ. 1951ರಲ್ಲಿ ತಮ್ಮ ದುಡಿಮೆಯ ನೆನಪುಗಳನ್ನು ಪ್ರಕಟಿಸಿದರು. ಆ ಪುಸ್ತಕವನ್ನು ಓದುವವರಿಗೆ ಒಂದು ವಿಸ್ಮಯ ಕಾದಿದೆ: ಅಲ್ಲಿ ಮನೆಯ ಮಾತು, ಮನಸ್ಸಿನ ಮಾತು ಬಹು ಕಡಿಮೆ, ಇರುವುದೆಲ್ಲ ಕೆಲಸ, ಅದರ ಕ್ರಮ, ಅದರ ಫಲ. 1955ರಲ್ಲಿ ಭಾರತರತ್ನ ಬಂದಿತು. 1962ರ ಏಪ್ರಿಲಿನಲ್ಲಿ, ನೂರರ ಗಡಿಯನ್ನು ಮುಟ್ಟಿದ ಮೇಲೆ, ಬೆಂಗಳೂರಿನಲ್ಲಿ ತೀರಿಕೊಂಡರು. ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿಯಿದೆ.

ಭದ್ರಾವತಿಯಲ್ಲಿ ಅಧ್ಯಕ್ಷರಾಗಿದ್ದ ಆ ವರ್ಷಗಳಲ್ಲಿ ಅವರು ಸಂಬಳವನ್ನು ತೆಗೆದುಕೊಂಡಿರಲಿಲ್ಲ. ಕಾರ್ಖಾನೆ ಚೇತರಿಸಿದ ಮೇಲೆ ಅವರಿಗೆ ಸಲ್ಲಬೇಕಾಗಿದ್ದ ಹಣದ ಮಾತು ಬಂದಾಗ, ಕುಶಲಕರ್ಮಗಳನ್ನು ಕಲಿಸುವ ಶಾಲೆಗೆ ಅದನ್ನು ಕೊಡಬೇಕೆಂದು ಅವರು ಕೇಳಿಕೊಂಡರು. ಹಾಗೆ ಬೆಂಗಳೂರಿನಲ್ಲಿ 1943ರಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್ಸ್‌ಟಿಟ್ಯೂಟ್ ಹುಟ್ಟಿತು. ಅದಕ್ಕೆ ತಮ್ಮ ಹೆಸರನ್ನಿಡಲು ಅವರು ಒಪ್ಪಲಿಲ್ಲ. ಅಲ್ಲಿ ಯಂತ್ರದ ಕೆಲಸ ಕಲಿತುಬಂದ ನಮ್ಮ ಹೋಬಳಿಯ ಹುಡುಗನೊಬ್ಬನು ಕೆಲವು ವರ್ಷಗಳ ಹಿಂದೆ ನಮ್ಮ ಬ್ಯಾರನ್ನಿನ ಒಲೆಗೆ ಗಾಳಿಯನ್ನು ಹದವಾಗಿ ಬಿಡುವ ತಗಡಿನ ಬಾಗಿಲೊಂದನ್ನು ಮಾಡಿಕೊಟ್ಟನು. ಮೊದಲನೆಯದು ಸರಿಯಾಗಿ ಕೂರಲಿಲ್ಲ. ಹೊಗೆ ಹಿಂದಕ್ಕೆ ಬಂದಿತು. ಅವನು ತಂದೆಯವರ ಹಳೆಯ ಪುಸ್ತಕವನ್ನು ಕೇಳಿ ತರಿಸಿಕೊಂಡು, ಎರಡನೆಯ ರಾತ್ರಿಯ ಕಾವಿನ ಲೆಕ್ಕವನ್ನು ನೋಡಿ, ಅದನ್ನು ಬಿಚ್ಚಿಕೊಂಡು ಹೋದನು. ಮುಂದಿನ ವಾರ ಮತ್ತೊಂದನ್ನು ತಂದನು.